ತರಕಾರಿ ತೋಟದ ವಾರ್ಷಿಕ ಯೋಜನೆ: ಬೆಳೆ ದಿನದರ್ಶಿ ಮತ್ತು ದಾಖಲೆ ಪುಸ್ತಕ

ತರಕಾರಿ ಬೆಳೆಯ ಲಾಭ ನಷ್ಟಗಳು ಬಹುಮಟ್ಟಿಗೆ ಬಿತ್ತನೆಯ ದಿನವೇ ನಿರ್ಧಾರವಾಗುತ್ತವೆ. ಗೊಬ್ಬರ, ನೀರು, ಆರೈಕೆಗಳಲ್ಲಿ ಕೊರತೆಯಿಲ್ಲದಿದ್ದರೂ ಕಾಲ ತಪ್ಪಿ ಬಿತ್ತಿದ ಬೆಳೆಗೆ ರೋಗಬಾಧೆ ಹೆಚ್ಚು. ಇಳುವರಿ ಬಂದರೂ ಬೇಡಿಕೆಯ ಸಮಯ ಮೀರಿರುತ್ತದೆ. ಗೋಡೆಯ ಮೇಲಿನ ಒಂದು ದಿನದರ್ಶಿ ಮತ್ತು ಒಂದು ನೋಟ್‌ಪುಸ್ತಕವನ್ನು ಕ್ರಮವಾಗಿ ಬಳಸಿದಲ್ಲಿ ಈ ನಷ್ಟವನ್ನು ಗಣನೀಯವಾಗಿ ತಗ್ಗಿಸಬಹುದು.

ಹಂಗಾಮಿಗೆ ತಕ್ಕ ಬೆಳೆ ಮತ್ತು ತಳಿ

ಮೊದಲಿಗೆ ವರ್ಷವನ್ನು ಮುಂಗಾರು (ಜೂನ್–ಸೆಪ್ಟೆಂಬರ್), ಹಿಂಗಾರು (ಅಕ್ಟೋಬರ್–ಜನವರಿ) ಮತ್ತು ಬೇಸಿಗೆ (ಫೆಬ್ರವರಿ–ಮೇ) ಎಂದು ವಿಂಗಡಿಸಿ, ಪ್ರತಿ ಹಂಗಾಮಿನ ಬೆಳೆಗಳನ್ನು ಗುರುತಿಸಿಕೊಳ್ಳಿ. ಬೆಳೆಯ ಹೆಸರಷ್ಟೇ ಸಾಲದು, ತಳಿಯನ್ನೂ ಬರೆಯಬೇಕು. ಈರುಳ್ಳಿಯಲ್ಲಿ ಅರ್ಕಾ ಕಲ್ಯಾಣ್ ಮುಂಗಾರಿಗೂ ಅರ್ಕಾ ನಿಕೇತನ್ ಹಿಂಗಾರಿಗೂ ಸೂಕ್ತ. ನಾಟಿ ಅವರೆಯನ್ನು ಬೇಗ ಬಿತ್ತಿದರೂ ಹಗಲಿನ ಅವಧಿ ಕಡಿಮೆಯಾಗುವವರೆಗೆ ಅದು ಹೂ ಬಿಡುವುದಿಲ್ಲ. ಹೆಬ್ಬಾಳ ಅವರೆ-4 ರಂತಹ ತಳಿಗಳಿಗೆ ಈ ನಿರ್ಬಂಧವಿಲ್ಲ. ಹೂಕೋಸಿನ ಬೇಗ ಬರುವ ತಳಿಯನ್ನು ತಡವಾಗಿ ನಾಟಿ ಮಾಡಿದರೆ ಗುಂಡಿಯಷ್ಟು ಚಿಕ್ಕ ಗಡ್ಡೆಗಳು ಬರುತ್ತವೆ. ಬೇಸಿಗೆಯಲ್ಲಿ ಬಿಳಿನೊಣಗಳ ಹಾವಳಿಯಿಂದ ಟೊಮೆಟೊದಲ್ಲಿ ಎಲೆ ಮುದುಡು ರೋಗ, ಬೆಂಡೆಯಲ್ಲಿ ಹಳದಿ ನಂಜು ರೋಗ ಹೆಚ್ಚುವುದರಿಂದ ರೋಗ ನಿರೋಧಕ ತಳಿಗಳನ್ನೇ ಆರಿಸಿಕೊಳ್ಳಿ.

ಕೊಯ್ಲಿನಿಂದ ಹಿಂದಕ್ಕೆ ಎಣಿಕೆ

ಯೋಜನೆಯನ್ನು ಬಿತ್ತನೆಯಿಂದ ಮುಂದಕ್ಕಲ್ಲ, ಕೊಯ್ಲಿನಿಂದ ಹಿಂದಕ್ಕೆ ಎಣಿಸಿ. ಆಯುಧಪೂಜೆಗೆ ಬೇಡಿಕೆಯಿರುವ ಬೂದುಗುಂಬಳವನ್ನು ಉದಾಹರಣೆಯಾಗಿ ನೋಡೋಣ. ಕಾಯಿ ಬಲಿಯಲು 120 ದಿನ, ಮಾರುಕಟ್ಟೆಗೆ ಸಾಗಿಸಲು ವಿಜಯದಶಮಿಗೆ 10 ದಿನ ಮೊದಲು ಕೊಯ್ಲು ಎಂದು ಇಟ್ಟುಕೊಳ್ಳಿ. 2023ರಲ್ಲಿ ವಿಜಯದಶಮಿ ಅಕ್ಟೋಬರ್ 24ರಂದು ಬಂದಿತ್ತು. ಆ ಲೆಕ್ಕಕ್ಕೆ ಬಿತ್ತನೆ ಜೂನ್ 16ಕ್ಕೆ. 2025ರಲ್ಲಿ ಹಬ್ಬ ಅಕ್ಟೋಬರ್ 2ಕ್ಕೇ ಬಂದಿತು. ಬಿತ್ತನೆ ಮೇ 25ಕ್ಕೆ ಆಗಬೇಕಿತ್ತು. ಹಳೆಯ ದಿನಾಂಕವನ್ನೇ ನಂಬಿ ಜೂನ್ 16ಕ್ಕೆ ಬಿತ್ತಿದವರ ಕಾಯಿ ಬಲಿಯುವ ವೇಳೆಗೆ ಹಬ್ಬ ಕಳೆದು 12 ದಿನಗಳಾಗಿರುತ್ತವೆ.

ಚಾಂದ್ರಮಾನದ ಹಬ್ಬಗಳು ಪ್ರತಿವರ್ಷ ಸ್ಥಾನ ಬದಲಿಸುತ್ತವೆ. ಸೂರ್ಯನ ಗತಿಯನ್ನು ಅನುಸರಿಸುವ ಮಳೆ ನಕ್ಷತ್ರಗಳು ಹಾಗಲ್ಲ. ಮೃಗಶಿರ ಮಳೆ ಜೂನ್ ಮೊದಲ ವಾರದ ಕೊನೆಗೆ, ಆರಿದ್ರಾ ಮಳೆ ಜೂನ್ 22ರ ಆಸುಪಾಸಿಗೆ ಹೂಡುತ್ತದೆ. ಆದ್ದರಿಂದ ನಿಮ್ಮ ಯೋಜನೆಯಲ್ಲಿ ದಿನಾಂಕ, ಮಳೆ ನಕ್ಷತ್ರ, ಹಬ್ಬ ಈ ಮೂರಕ್ಕೂ ಪ್ರತ್ಯೇಕ ಅಂಕಣಗಳಿರಲಿ.

ಸಸಿಮಡಿಯ ಅವಧಿಯನ್ನೂ ಲೆಕ್ಕಕ್ಕೆ ಸೇರಿಸಿ: ಟೊಮೆಟೊ ಮತ್ತು ಎಲೆಕೋಸಿಗೆ 25–30 ದಿನ, ಬದನೆಗೆ 30–35 ದಿನ, ಮೆಣಸಿನಕಾಯಿಗೆ 35–40 ದಿನ ಬೇಕಾಗುತ್ತದೆ. ಕೊತ್ತಂಬರಿ, ದಂಟು, ಮೂಲಂಗಿಗಳನ್ನು ಒಂದೇ ಬಾರಿಗೆ ಬಿತ್ತದೆ 15 ದಿನಗಳ ಅಂತರದಲ್ಲಿ ಸ್ವಲ್ಪ ಸ್ವಲ್ಪವಾಗಿ ಬಿತ್ತಿದರೆ ಕೊಯ್ಲು ನಿರಂತರವಾಗಿರುತ್ತದೆ.

ದಾಖಲಿಸಬೇಕಾದ ವಿವರಗಳು

• ಬೆಳೆ, ತಳಿ, ಬೀಜ ಖರೀದಿಸಿದ ಸ್ಥಳ, ಪೊಟ್ಟಣದ ಮೇಲಿನ ಲಾಟ್ ಸಂಖ್ಯೆ
• ಬಿತ್ತನೆ, ನಾಟಿ, ಮೊದಲ ಹೂ, ಮೊದಲ ಮತ್ತು ಕೊನೆಯ ಕೊಯ್ಲಿನ ದಿನಾಂಕಗಳು
• ಮಳೆ ಬಿದ್ದ ದಿನ ಮತ್ತು ಪ್ರಮಾಣ
• ಕೀಟ ಅಥವಾ ರೋಗ ಮೊದಲು ಕಂಡ ದಿನ. ಸಿಂಪಡಿಸಿದ ಔಷಧಿ, ಪ್ರಮಾಣ ಹಾಗೂ ಕೊಯ್ಲಿಗೆ ಮುನ್ನ ಕಾಯಬೇಕಾದ ದಿನಗಳು
• ಪ್ರತಿ ಕೊಯ್ಲಿನ ತೂಕ, ದೊರೆತ ಬೆಲೆ, ಕೂಲಿ ಮತ್ತು ಇತರ ಖರ್ಚು

ಬೀಜದ ಪೊಟ್ಟಣ ಹಾಗೂ ರಸೀದಿಯನ್ನು ಅದೇ ಪುಟಕ್ಕೆ ಅಂಟಿಸಿಡಿ. ಮೊಳಕೆ ಬಾರದಿದ್ದಲ್ಲಿ ದೂರು ನೀಡಲು ಇವೇ ಆಧಾರ.

ಮಡಿಗಳ ನಕ್ಷೆ

ಪ್ರತಿ ಮಡಿಗೂ ಸಂಖ್ಯೆ ಕೊಟ್ಟು ನಕ್ಷೆ ಬರೆಯಿರಿ. ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗೆಡ್ಡೆ ಒಂದೇ ಕುಟುಂಬದ ಬೆಳೆಗಳು. ಇವುಗಳನ್ನು ಒಂದರ ನಂತರ ಒಂದರಂತೆ ಅದೇ ಮಡಿಯಲ್ಲಿ ಬೆಳೆದರೆ ದುಂಡಾಣು ಸೊರಗು ರೋಗ ಮತ್ತು ಬೇರುಗಂಟು ಜಂತುಹುಳುಗಳು ಮಣ್ಣಿನಲ್ಲಿ ನೆಲೆಯೂರುತ್ತವೆ. ನಡುವೆ ಈರುಳ್ಳಿ, ಮುಸುಕಿನ ಜೋಳ ಅಥವಾ ಚೆಂಡು ಹೂವನ್ನು ಬೆಳೆಯಿರಿ. ಯಾವ ಮಡಿಯಲ್ಲಿ ಹಿಂದೆ ಏನಿತ್ತು ಎಂಬುದನ್ನು ನೆನಪಿಗೆ ಬಿಡದೆ ನಕ್ಷೆಯಲ್ಲಿ ನೋಡಿ ನಿರ್ಧರಿಸಿ.

ವರ್ಷಾಂತ್ಯದ ಪರಿಶೀಲನೆ

ಯುಗಾದಿಗೆ ಮುನ್ನ ಒಂದು ಸಂಜೆ ಪುಸ್ತಕವನ್ನು ಮೊದಲಿನಿಂದ ಓದಿ. ಖರ್ಚು ಕಳೆದು ಉಳಿದ ಆದಾಯವನ್ನು ಬೆಳೆವಾರು ಬರೆದರೆ, ಹೆಚ್ಚು ತೂಕ ಕೊಟ್ಟ ಬೆಳೆಯೇ ಹೆಚ್ಚು ಆದಾಯ ಕೊಟ್ಟಿತೇ ಎಂಬುದು ತಿಳಿಯುತ್ತದೆ. ಎರಡು ಮೂರು ವರ್ಷಗಳ ದಾಖಲೆ ಸೇರಿದಾಗ ಅದು ನಿಮ್ಮ ಮಣ್ಣಿಗೆ, ನಿಮ್ಮ ನೀರಿಗೆ ಹೊಂದುವ ಸ್ವಂತ ದಿನದರ್ಶಿಯಾಗುತ್ತದೆ. ಕೃಷಿ ವಿಜ್ಞಾನ ಕೇಂದ್ರಕ್ಕೆ ಸಲಹೆಗಾಗಿ ಹೋಗುವಾಗ ಈ ಪುಸ್ತಕವನ್ನು ತಪ್ಪದೆ ಜೊತೆಗೆ ಒಯ್ಯಿರಿ. ರೋಗದ ಮೂಲವನ್ನು ಗುರುತಿಸಲು ತಜ್ಞರಿಗೆ ಎಲೆಯ ಮಾದರಿಯಷ್ಟೇ ನೀವು ಬರೆದಿಟ್ಟ ದಿನಾಂಕಗಳೂ ನೆರವಾಗುತ್ತವೆ.