ಶಾಲೆಯ ಬಾಗಿಲೂ ನ್ಯಾಯಾಲಯವೂ
ಐದು ವರ್ಷದ ಮಾನಸಿಕ ವಯಸ್ಸನ್ನು ಮುಟ್ಟದ ಮಗುವನ್ನು ಸೇರಿಸಿಕೊಳ್ಳದಿರುವ ಅಧಿಕಾರವನ್ನು ಅಮೆರಿಕದ ಪೆನ್ಸಿಲ್ವೇನಿಯ ಸಂಸ್ಥಾನದ ಕಾನೂನು ಒಂದು ಕಾಲಕ್ಕೆ ಶಾಲೆಗಳಿಗೆ ಕೊಟ್ಟಿದ್ದಿತು. ಮನಃಶಾಸ್ತ್ರಜ್ಞನೊಬ್ಬನು ಈ ಮಗು ಶಿಕ್ಷಣಕ್ಕೆ ಅರ್ಹವಲ್ಲವೆಂದು ಬರೆದುಕೊಟ್ಟನೆಂದರೆ ತಾಯ್ತಂದೆಯರು ಸುಮ್ಮನೆ ಮನೆಗೆ ಹಿಂದಿರುಗಬೇಕಾಗಿದ್ದಿತು. ಹಾಗೆ ಹೊರಗುಳಿದ ಮಕ್ಕಳ ಪರವಾಗಿ ಪೋಷಕರ ಸಂಘವು, ತಾಮಸ್ ಗಿಲ್‌ಹೂಲ್ ಎಂಬ ನ್ಯಾಯವಾದಿಯ ನೆರವಿನಿಂದ, 1971ರಲ್ಲಿ ಸಂಸ್ಥಾನದ ಮೇಲೆಯೇ ದಾವೆ ಹೂಡಲು, ತಜ್ಞರ ಸಾಕ್ಷ್ಯವನ್ನು ಒಂದು ದಿನ ಕೇಳುವಷ್ಟರಲ್ಲಿಯೇ ಸರ್ಕಾರವು ರಾಜಿಗೆ ಒಡಂಬಟ್ಟಿತು. 6ರಿಂದ 21 ವಯಸ್ಸಿನ ಬುದ್ಧಿಮಾಂದ್ಯರೆಲ್ಲರಿಗೂ ಉಚಿತ ಶಿಕ್ಷಣವೆಂಬ ಆ ರಾಜಿಯ ಘೋಷಣೆಗಿಂತಲೂ, ನನ್ನ ಮಟ್ಟಿಗೆ, ಕಚೇರಿಯ ವಿಧಿಯಂತೆ ತೋರುವ ಇನ್ನೊಂದಂಶವೇ ಮಿಗಿಲಾದುದು: ಮಗುವಿನ ತರಗತಿಯನ್ನು ಬದಲಿಸುವ ಮುನ್ನ ತಾಯ್ತಂದೆಯರಿಗೆ ಲಿಖಿತ ತಿಳಿವಳಿಕೆ ಹೋಗಬೇಕು, ಕಡತವನ್ನು ಅವರಿಗೆ ತೋರಿಸಬೇಕು, ವಕೀಲನೊಡನೆ ಬಂದು ವಾದಿಸಲು ವಿಚಾರಣೆ ನಡೆಯಬೇಕು.

ಮರುವರ್ಷ ವಾಷಿಂಗ್ಟನ್ ನಗರದ ಇಂತಹುದೇ ಮೊಕದ್ದಮೆಯೊಂದರಲ್ಲಿ, ಈ ಬಗೆಯ ಮಕ್ಕಳಿಗೆ ಕಲಿಸಲು ಹಣವಿಲ್ಲವೆಂಬ ಶಾಲಾಡಳಿತದ ನೆಪವನ್ನು (ಯಾವ ದೇಶದ ಕಚೇರಿಗೆ ಅದು ಪ್ರಿಯವಲ್ಲ!) ನ್ಯಾಯಾಧೀಶ ಜೋಸೆಫ್ ವಾಡಿಯವರು ತಳ್ಳಿಹಾಕಿದರು. ಈ ಎರಡು ಮೊಕದ್ದಮೆಗಳ ತಳಹದಿಯ ಮೇಲೆ ರೂಪುಗೊಂಡು, 1975ರ ನವೆಂಬರ್ 29ರಂದು ಅಧ್ಯಕ್ಷ ಫೋರ್ಡರ ಅಂಕಿತವನ್ನು ಪಡೆದ ಶಾಸನವು, ಅಂಗವಿಕಲತೆಯುಳ್ಳ ಪ್ರತಿಯೊಂದು ಮಗುವಿಗೂ ಪ್ರತ್ಯೇಕ ಶಿಕ್ಷಣಯೋಜನೆಯನ್ನು ವಿಧಿಸಿ, ಅದನ್ನು ರಚಿಸುವ ಸಭೆಯಲ್ಲಿ ಉಪಾಧ್ಯಾಯರೊಡನೆ ತಾಯ್ತಂದೆಯರಿಗೂ ಸ್ಥಾನವನ್ನಿತ್ತಿತು. ಪ್ರತಿ ವಿದ್ಯಾರ್ಥಿಯ ಸರಾಸರಿ ವೆಚ್ಚದ ಶೇಕಡ 40ರಷ್ಟನ್ನು ಕೇಂದ್ರವೇ ಕೊಡುವುದೆಂದು ಆಗ ಹಾಕಿಕೊಂಡ ಗುರಿ ಮಾತ್ರ ಇಂದಿಗೂ ಈಡೇರಿಲ್ಲ.