ಸೈಂಟಾಲಜಿ
ಅಮೆರಿಕದ ವಿಜ್ಞಾನಕಥೆಗಾರ ಎಲ್. ರಾನ್ ಹಬಾರ್ಡ್ (1911–1986) ಸ್ಥಾಪಿಸಿದ ಪಂಥ. ಈತನ 'ಡಯಾನೆಟಿಕ್ಸ್' ಎಂಬ ಪುಸ್ತಕ 1950ರಲ್ಲಿ ಹೊರಬಂದು ಭರದಿಂದ ಮಾರಾಟವಾಯಿತು. ವೈದ್ಯರೂ ಮನಶ್ಶಾಸ್ತ್ರಜ್ಞರೂ ಅದನ್ನು ಒಪ್ಪಲಿಲ್ಲ. 1953ರಲ್ಲಿ ನ್ಯೂಜೆರ್ಸಿಯಲ್ಲಿ ಚರ್ಚ್ ಹೆಸರಿನಲ್ಲಿ ಸಂಸ್ಥೆ ನೋಂದಣಿಯಾಯಿತು.

ಮನುಷ್ಯ ಮೂಲತಃ 'ಥೀಟನ್' ಎಂಬ ಸಾವಿಲ್ಲದ ಚೇತನ, ಅದು ಜನ್ಮದಿಂದ ಜನ್ಮಕ್ಕೆ ಸಾಗುತ್ತದೆ ಎಂಬುದು ಈ ಪಂಥದ ತಿರುಳು. ನಮ್ಮ ಓದುಗರಿಗೆ ಇದು ಪರಿಚಿತವೆನಿಸಬಹುದು. ಆದರೆ ಇಲ್ಲಿ ಬಿಡುಗಡೆಯ ದಾರಿ ಭಕ್ತಿಯೂ ಅಲ್ಲ, ವೈರಾಗ್ಯವೂ ಅಲ್ಲ. ಹಳೆಯ ಆಘಾತಗಳು ಮನಸ್ಸಿನಲ್ಲಿ ಉಳಿಸಿದ 'ಎನ್‌ಗ್ರಾಮ್' ಎಂಬ ಅಚ್ಚುಗಳನ್ನು 'ಆಡಿಟಿಂಗ್' ಎಂಬ ಪ್ರಶ್ನೋತ್ತರದಿಂದ ಅಳಿಸಬೇಕು. ಆಡಿಟಿಂಗ್ ವೇಳೆ ಸಾಧಕ ಕೈಯಲ್ಲಿ ಹಿಡಿಯುವ 'ಇ-ಮೀಟರ್' ಎಂಬ ಉಪಕರಣ ದೇಹದ ವಿದ್ಯುತ್ ರೋಧದ ಏರಿಳಿತವನ್ನಷ್ಟೇ ತೋರಿಸುತ್ತದೆ. ಅದರಿಂದ ರೋಗ ಗುಣವಾಗುತ್ತದೆಂಬುದಕ್ಕೆ ವೈಜ್ಞಾನಿಕ ಆಧಾರವಿಲ್ಲ. ಅಚ್ಚುಗಳೆಲ್ಲ ಅಳಿದವನು 'ಕ್ಲಿಯರ್'. ಮುಂದಿನ ಮೆಟ್ಟಿಲುಗಳ ಬೋಧನೆ ಗುಟ್ಟಿನದು. 7.5 ಕೋಟಿ ವರ್ಷಗಳ ಹಿಂದಿನ ಜೀನು ಎಂಬ ಆಕಾಶರಾಜನ ಕಥೆ ಅದರಲ್ಲಿದೆ. ಮೆಟ್ಟಿಲು ಏರಿದಂತೆ ಶುಲ್ಕವೂ ಏರುತ್ತದೆ. ಪಂಥ ತೊರೆದ ಹಲವರ ನೋವಿನ ದೂರುಗಳನ್ನು ಹಗುರವಾಗಿ ಕಾಣುವಂತಿಲ್ಲ.

ಅಮೆರಿಕ 1993ರಲ್ಲಿ ಈ ಪಂಥಕ್ಕೆ ಧಾರ್ಮಿಕ ತೆರಿಗೆ ವಿನಾಯಿತಿ ನೀಡಿತು. ಫ್ರಾನ್ಸ್‌ನ ನ್ಯಾಯಾಲಯ 2009ರಲ್ಲಿ ಅಲ್ಲಿನ ಶಾಖೆಯನ್ನು ವಂಚನೆಯ ಅಪರಾಧಿಯೆಂದು ತೀರ್ಮಾನಿಸಿತು.