ಹಳದಿ ಇಟ್ಟಿಗೆಯ ಚರ್ಚು: ಯೆನ್ಸೆನ್-ಕ್ಲಿಂಟ್ ಮತ್ತು ಗ್ರುಂಟ್ವಿ ಸ್ಮಾರಕ

ಡೆನ್ಮಾರ್ಕಿನ ವಾಸ್ತುಶಿಲ್ಪಿ ಪೇಡರ್ ವಿಲ್ಹೆಲ್ಮ್ ಯೆನ್ಸೆನ್-ಕ್ಲಿಂಟ್ (1853–1930) ಎಂಜಿನಿಯರಿಂಗ್ ಕಲಿತು, ಚಿತ್ರಕಲೆಯಲ್ಲಿ ಕೈಯಾಡಿಸಿ, ತಡವಾಗಿ ಕಟ್ಟಡ ವಿನ್ಯಾಸಕ್ಕೆ ಬಂದವನಾದುದರಿಂದ, ಅಕಾಡೆಮಿಗಳ ಶಾಸ್ತ್ರೀಯ ಶೈಲಿಗಿಂತ ಗಾರೆ ಕೆಲಸಗಾರರ ಪರಂಪರಾಗತ ಕೌಶಲವನ್ನೇ ಹೆಚ್ಚು ನಂಬಿದನು. ಪಾದ್ರಿಯೂ ಕವಿಯೂ ಆಗಿದ್ದ ಗ್ರುಂಟ್ವಿಯ ವಿಚಾರಗಳಿಂದ ಹುಟ್ಟಿದ ಜಾನಪದ ಪ್ರೌಢಶಾಲೆಗಳು, ಅಂದರೆ ರೈತಾಪಿ ಯುವಜನರಿಗೆ ಪರೀಕ್ಷೆಗಳಿಲ್ಲದೆ ವಿದ್ಯೆ ನೀಡುತ್ತಿದ್ದ ವಸತಿಶಾಲೆಗಳು, ದೇಶವನ್ನೇ ಬದಲಿಸಿದ್ದವು. ಗ್ರುಂಟ್ವಿಯ ಸ್ಮಾರಕಕ್ಕೆ ಯೆನ್ಸೆನ್-ಕ್ಲಿಂಟ್ ಸೂಚಿಸಿದ್ದು ಪ್ರತಿಮೆಯನ್ನಲ್ಲ, ಚರ್ಚನ್ನು.

ಕೋಪನ್‌ಹೇಗನ್ನಿನ ಬಿಸ್ಪೆಬ್ಯೆರ್ಗ್ ದಿಬ್ಬದ ಮೇಲೆ 1921ರಲ್ಲಿ ಆರಂಭವಾದ ಈ ಕಟ್ಟಡದ ಪಶ್ಚಿಮ ಮುಖವು ಡೇನಿಷ್ ಹಳ್ಳಿಯ ಚರ್ಚುಗಳ ಮೆಟ್ಟಿಲು ಗೇಬಲ್ಲನ್ನು, ಎಂದರೆ ಇಳಿಜಾರು ಮಾಡಿನ ತುದಿಗೋಡೆಯ ಅಂಚನ್ನು ಮೆಟ್ಟಿಲುಮೆಟ್ಟಿಲಾಗಿ ಕಟ್ಟುವ ಕ್ರಮವನ್ನು, ಅತಿ ಎತ್ತರಕ್ಕೆ ಹಿಗ್ಗಿಸಿದ ರೂಪವಾಗಿದ್ದು, ನೋಡುಗರಿಗೆ ಆರ್ಗನ್ ವಾದ್ಯದ ಕೊಳವೆಗಳನ್ನು ನೆನಪಿಸುತ್ತದೆ. ಐವತ್ತು ಲಕ್ಷದಷ್ಟು ಹಳದಿ ಇಟ್ಟಿಗೆಗಳನ್ನು ನುಂಗಿದ ಈ ಚರ್ಚಿನ ಒಳಭಾಗದಲ್ಲಿ ಗಿಲಾವೂ ಇಲ್ಲ, ಭಿತ್ತಿಚಿತ್ರವೂ ಇಲ್ಲ. ಉಜ್ಜಿ ನಯಗೊಳಿಸಿದ ಇಟ್ಟಿಗೆಯೇ ಕಂಬವಾಗಿ, ಕಮಾನಾಗಿ, ಬಲಿಪೀಠವಾಗಿ ನಿಂತಿದೆ. ಹೊರಗಿನ ಭವ್ಯತೆಗಿಂತ ಈ ಒಳಗಿನ ಸಂಯಮವೇ ದೊಡ್ಡ ಸಾಧನೆಯೆನ್ನಬೇಕು.

ಗೋಪುರ 1927ರ ಹೊತ್ತಿಗೆ ಮುಗಿದಿದ್ದರೂ ಇಡೀ ಚರ್ಚನ್ನು ನೋಡುವ ಭಾಗ್ಯ ಯೆನ್ಸೆನ್-ಕ್ಲಿಂಟನಿಗಿರಲಿಲ್ಲ. ಡೇನಿಷ್ ಪೀಠೋಪಕರಣ ವಿನ್ಯಾಸದ ಗುರುವೆಂದು ಹೆಸರಾದ ಮಗ ಕೋರ್ ಕ್ಲಿಂಟ್ 1940ರಲ್ಲಿ ಅದನ್ನು ಪೂರ್ಣಗೊಳಿಸಿದನಲ್ಲದೆ, ಸಾಲುಬೆಂಚುಗಳ ಬದಲು ಬೀಚ್ ಮರದ ಬಿಡಿ ಕುರ್ಚಿಗಳನ್ನು ರೂಪಿಸಿ ಅಲ್ಲಿ ಹಾಕಿಸಿದನು.